ಠಕಾರದ ಪರೀಕ್ಷೆ

ಮನೆಯಲ್ಲಿ ಕಟ್ಟಿದ ಸಿಎನ್‌ಸಿ ರೌಟರ್ ನೆಟ್ಟಗಿದೆಯೋ ಇಲ್ಲವೋ ತಿಳಿಯಲು ಹವ್ಯಾಸಿಗಳು ಸಾಮಾನ್ಯವಾಗಿ ಒಂದು ಚೌಕ, ಅದರೊಳಗೊಂದು ವೃತ್ತ ಕೊರೆದು ನೋಡುತ್ತಾರೆ. ನಾನು ‘ಠ’ ಕೊರೆಯುತ್ತೇನೆ. ಫಾಂಟಿನಿಂದ ಎತ್ತಿಕೊಂಡ ಠ ಅಲ್ಲ, ನಾನೇ ಬರೆದುಕೊಂಡದ್ದು: 60 ಮಿ.ಮೀ. ವ್ಯಾಸದ ಅಪ್ಪಟ ದುಂಡು ಹೊಟ್ಟೆ, ನಟ್ಟನಡುವೆ ಚುಕ್ಕೆ, ಮೇಲೆ ಹುಬ್ಬಿನಂಥ ತಲೆಕಟ್ಟು. ಕನ್ನಡ ಬಾರದವರೂ ಮೊಬೈಲಿನಲ್ಲಿ ಎರಡು ಠ ಪಕ್ಕಪಕ್ಕ ಇಟ್ಟು ದುರುಗುಟ್ಟುವ ಮುಖ ಮಾಡುತ್ತಾರಲ್ಲ, ನನ್ನ ಯಂತ್ರ ಕೊರೆದ ಮೊದಲ ಠ ಕೂಡ ನನ್ನನ್ನು ಹಾಗೇ ನೋಡಿತು.

ಈ ಅಕ್ಷರದಲ್ಲಿ ಯಂತ್ರದ ಒಂದೊಂದು ಕಾಯಿಲೆಯೂ ಬೇರೆಬೇರೆಯಾಗಿ ಕಾಣುತ್ತದೆ. ಎರಡು ಅಕ್ಷಗಳ ಅಳತೆ ಹೊಂದದಿದ್ದರೆ ಹೊಟ್ಟೆ ಅಡ್ಡಕ್ಕೋ ಉದ್ದಕ್ಕೋ ಮೊಟ್ಟೆಯಾಗುತ್ತದೆ. ಅಕ್ಷಗಳು ಒಂದಕ್ಕೊಂದು ಮೂಲೆಮಟ್ಟಕ್ಕೆ ಕೂತಿಲ್ಲದಿದ್ದರೆ ಮೊಟ್ಟೆ ಓರೆಯಾಗಿ 45 ಡಿಗ್ರಿಗೆ ವಾಲುತ್ತದೆ. ಇನ್ನು ಸ್ಕ್ರೂವಿನ ಕಡೆ ‘ಪ್ಲೇ’ ಇದ್ದರೆ (ಬ್ಯಾಕ್‌ಲ್ಯಾಶ್ ಎಂಬುದು ಅದರ ಪುಸ್ತಕದ ಹೆಸರು) ವೃತ್ತದ ಎಡತುದಿ ಬಲತುದಿಗಳಲ್ಲಿ, ಬಂಡಿ ದಿಕ್ಕು ಬದಲಿಸುವ ಜಾಗದಲ್ಲಿ, ಯಾರೋ ಉಗುರಿನಿಂದ ಒತ್ತಿದಂತೆ ಚಪ್ಪಟೆಯಾಗಿರುತ್ತದೆ. ನನ್ನ ಠಕ್ಕೆ ಬಂದಿದ್ದದ್ದು ಈ ಮೂರನೆಯ ಕಾಯಿಲೆ. ನಾನು ಮಾಡಿದ್ದು ಮೊದಲನೆಯದರ ಚಿಕಿತ್ಸೆ.

ಯಂತ್ರದ ಪರಿಚಯ ಚುಟುಕಾಗಿ ಮುಗಿಸುತ್ತೇನೆ. ಬನಶಂಕರಿ ಎರಡನೇ ಹಂತದ ಮನೆ, ಮಹಡಿ ಮೇಲಿನ ಸಾಮಾನಿನ ಕೋಣೆ. ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟು, 16 ಮಿ.ಮೀ. ದಪ್ಪದ ಬಾಲ್ ಸ್ಕ್ರೂಗಳು, ಎರಡು ಶನಿವಾರ ಎಸ್.ಪಿ. ರಸ್ತೆ ಸುತ್ತಿ ತಂದ ಸ್ಟೆಪ್ಪರ್ ಮೋಟರುಗಳು. ಕೊರೆಯಲು ಬಡಗಿಗಳು ಹಿಡಿಯುವ ಟ್ರಿಮ್ಮರ್. ಮಿದುಳು ಒಂದು ಆರ್ಡುಯಿನೊ ಬೋರ್ಡು, ಅದರೊಳಗೆ ಸಿಮೆನ್ ಸ್ವಾಲೆ ಸ್ಕೂಗ್ಸ್‌ರುಡ್ ಎಂಬವರು 2009ರಲ್ಲಿ ಶುರುಮಾಡಿ ಊರಿಗೆಲ್ಲ ಬಿಟ್ಟುಕೊಟ್ಟ ಜಿಆರ್‌ಬಿಎಲ್ ತಂತ್ರಾಂಶ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಬೀದಿ ಮಲಗುತ್ತದೆ, ಆಗ ಯಂತ್ರಕ್ಕೂ ರಜೆ. ಇದು ನೆರೆಹೊರೆಯೊಂದಿಗೆ ಆಗಿರುವ ಒಪ್ಪಂದ.

ಈಗ ನನ್ನ ತಪ್ಪಿನ ಕತೆ. ಮೋಟರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ ಎಂಟಾಗಿ ಸೀಳಿದರೆ 1,600. ಸ್ಕ್ರೂ ಒಂದು ಸುತ್ತಿಗೆ ಬಂಡಿಯನ್ನು 5 ಮಿ.ಮೀ. ತಳ್ಳುತ್ತದೆ. ಅಂದರೆ ಒಂದು ಮಿ.ಮೀ.ಗೆ 320 ಹೆಜ್ಜೆ, ಮಗ್ಗಿ ಬಂದರೆ ಸಾಕು. ಹಾಗೆಂದು ಹಾಕಿ, ಹಲಗೆಯ ಮೇಲೆ 100 ಮಿ.ಮೀ. ಅಂತರದಲ್ಲಿ ಎರಡು ತೂತು ಕೊರೆದು ವರ್ನಿಯರ್ ಹಿಡಿದೆ. 99.86 ಬಂತು. 0.14 ಕಡಿಮೆ. ಬುದ್ಧಿವಂತನಂತೆ 320 ಅಳಿಸಿ 320.45 ಬರೆದೆ. ಮತ್ತೆ ಅಳೆದರೆ ಸರಿಯಾಗಿ 100! ಆ ಸಂಜೆ ನನಗೇ ನಾನು ಒಂದು ಫಿಲ್ಟರ್ ಕಾಫಿ ಹೆಚ್ಚಿಗೆ ಮಾಡಿಕೊಂಡೆ.

ಮರುದಿನ 300 ಮಿ.ಮೀ. ಅಂತರಕ್ಕೆ ಕೊರೆದರೆ 300.28. ಕಡಿಮೆಯಾಗುತ್ತಿದ್ದದ್ದು ಈಗ ಹೆಚ್ಚು. ಯೋಚಿಸಿದರೆ ಲೆಕ್ಕ ಸರಳ. 0.14 ತಿಂದದ್ದು ಸ್ಕ್ರೂವಿನ ಅಳತೆಯಲ್ಲ, ದಿಕ್ಕು ಬದಲಿಸುವಾಗಿನ ಸಡಿಲ. ಸಡಿಲ ಒಂದು ಸಲ ತಿನ್ನುತ್ತದೆ, ದೂರ ಹೆಚ್ಚಿದಷ್ಟೂ ತಿನ್ನುವುದಿಲ್ಲ. ನಾನು ಬರೆದ ತಿದ್ದುಪಡಿಯಾದರೋ ಪ್ರತಿ ನೂರಕ್ಕೂ 0.14 ಸೇರಿಸುತ್ತ ಹೋಗುತ್ತದೆ. ಸ್ಕ್ರೂವಿನ ಯಂತ್ರದಲ್ಲಿ ಈ ಸಂಖ್ಯೆಯನ್ನು ಅಳೆದು ತಿದ್ದುವ ಚಾಳಿಯನ್ನೇ ನಾನೀಗ ಬಿಟ್ಟಿದ್ದೇನೆ. ಸ್ಕ್ರೂ ಮಾಡಿದವನ ಕೈ ನನ್ನ ವರ್ನಿಯರ್‌ಗಿಂತ ನಿಖರ. ಬೆಲ್ಟಿನ ಯಂತ್ರವಾದರೆ ಮಾತು ಬೇರೆ, ಬೆಲ್ಟು ಹಿಗ್ಗುತ್ತದೆ.

ಜಿಆರ್‌ಬಿಎಲ್‌ಗೆ ಸಡಿಲವನ್ನು ಲೆಕ್ಕದಲ್ಲಿ ಮುಚ್ಚಿಹಾಕುವ ವ್ಯವಸ್ಥೆ ಇಲ್ಲ. ಹಲವರಿಗೆ ಇದು ಕೊರತೆ. ನನಗೆ ಇದೇ ಅದರ ದೊಡ್ಡ ಗುಣವಾಗಿ ಕಂಡಿದೆ, ಏಕೆಂದರೆ ಸ್ಪ್ಯಾನರ್ ಹಿಡಿಯದೆ ಗತ್ಯಂತರವಿಲ್ಲ.

ಸ್ಪ್ಯಾನರ್ ಎಲ್ಲಿಗೆ ಹಾಕಬೇಕೆಂದು ತೋರಿಸಿದವರು ಮುಂದಿನ ಅಡ್ಡರಸ್ತೆಯ ರಾಯರು, ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೂದಲು ಹಣ್ಣಾಗಿಸಿಕೊಂಡು ನಿವೃತ್ತರಾದವರು. ಅಮೆರಿಕದ ಎಂಐಟಿಯಲ್ಲಿ ಸಂಖ್ಯೆಗಳ ಅಪ್ಪಣೆಗೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಮೊದಲಿಗೆ ತೋರಿಸಿದ್ದು 1952ರಲ್ಲಿ. ಅದರ ಮರುವರ್ಷವೇ ನಮ್ಮಲ್ಲಿ ಎಚ್‌ಎಂಟಿ ಹುಟ್ಟಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಲೇತು ಮಾಡತೊಡಗಿತು. 1962ರಲ್ಲಿ ತುಮಕೂರು ರಸ್ತೆಗೆ ಯಂತ್ರೋಪಕರಣಗಳದೇ ಕೇಂದ್ರೀಯ ಸಂಸ್ಥೆ ಬಂತು, ಅದೇ ಇಂದಿನ ಸಿಎಂಟಿಐ. ನೂರರಲ್ಲೊಂದು ಮಿಲಿಮೀಟರನ್ನು ಬೆರಳಲ್ಲಿ ತಿಳಿಯುವವರು ಈ ಊರಿನಲ್ಲಿ ಬೆಳೆದದ್ದು ಹೀಗೆ. ಅವರಲ್ಲಿ ಎಷ್ಟೋ ಮಂದಿ ಈಗ ಜಯನಗರ, ಬನಶಂಕರಿಯ ಪಾರ್ಕುಗಳಲ್ಲಿ ಬೆಳಗಿನ ವಾಕಿಂಗ್ ಮಾಡುತ್ತಿದ್ದಾರೆ. ನಾವು ಅವರನ್ನು ಬಿಟ್ಟು ವಿಡಿಯೊ ನೋಡುತ್ತೇವೆ.

ರಾಯರು ಬಂದದ್ದು ಡಯಲ್ ಗೇಜಿನೊಂದಿಗೆ. ಬಂಡಿಗೆ ಹಿಡಿದು, ಅತ್ತ ನಡೆಸಿ ಇತ್ತ ನಡೆಸಿ, ನನ್ನ 0.14 ಅನ್ನು ಖಚಿತಪಡಿಸಿದರು. ನಾನು ಬಾಲ್ ನಟ್ಟು ಕಳಪೆಯೆಂದು ಗೊಣಗುತ್ತಿದ್ದೆ.

“ನಟ್ಟನ್ಯಾಕಪ್ಪಾ ಬೈತೀಯ? ಸ್ಕ್ರೂನೇ ಹಿಂದೆ ಮುಂದೆ ಹೋಗ್ತಿದ್ಯೇನೋ, ಅದನ್ನ ನೋಡಿದ್ಯಾ?”

“ಇಲ್ಲ ಸಾರ್.”

ಡಯಲಿನ ಮೂಗನ್ನು ಸ್ಕ್ರೂವಿನ ತುದಿಗೇ ಆನಿಸಿ ಬಂಡಿಯನ್ನು ಕೈಯಲ್ಲಿ ದೂಡಿದರು. ಮುಳ್ಳು ಹನ್ನೊಂದು ಗೆರೆ ಹಾರಿತು. ಕಳ್ಳ ಇದ್ದದ್ದು ಮೋಟರಿನ ಬದಿಯ ಬೇರಿಂಗಿನಲ್ಲಿ, ಅದರ ಲಾಕ್ ನಟ್ಟು ಸಡಿಲವಾಗಿತ್ತು. ಬಿಗಿಮಾಡಿ, ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಭದ್ರಮಾಡಿ ನೋಡಿದಾಗ ಬಂಡಿಯಲ್ಲಿ ಉಳಿದದ್ದು 0.03. 320.45 ಅನ್ನು ಅಳಿಸಿ ಮತ್ತೆ 320 ಬರೆದೆ. ಅವರಿಗೆ ಹೇಳಲಿಲ್ಲ.

ಮೂಲೆಮಟ್ಟಕ್ಕೆ ಮೇಸ್ತ್ರಿಗಳ 3-4-5 ಲೆಕ್ಕ ಸಾಕು: ಒಂದು ಕಡೆ 300, ಇನ್ನೊಂದು ಕಡೆ 400, ಕರ್ಣ 500. ಟ್ರಿಮ್ಮರ್ ನೆಟ್ಟಗೆ ನಿಂತಿದೆಯೇ ಎಂಬುದು ಸೂಕ್ಷ್ಮ. ಕಾಲೆಟ್ಟಿಗೆ ಒಂದು ತೋಳು ಸಿಕ್ಕಿಸಿ, ತುದಿಗೆ ಡಯಲ್ ಕಟ್ಟಿ, ಹಲಗೆಯ ಮೇಲೆ ಕೈಯಲ್ಲಿ ಒಂದು ಸುತ್ತು ತಿರುಗಿಸಬೇಕು. 200 ಮಿ.ಮೀ. ಅಗಲಕ್ಕೆ 0.2 ವ್ಯತ್ಯಾಸವಿದ್ದರೂ 25 ಮಿ.ಮೀ. ಬಿಟ್ಟಿನಿಂದ ಮೇಲ್ಮೈ ಹೊಡೆದಾಗ ಒಂದೊಂದು ಸಾಲಿಗೂ 0.025ರಷ್ಟು ಮೆಟ್ಟಿಲು ಬೀಳುತ್ತದೆ. ಕಣ್ಣಿಗೆ ಕಾಣದು, ಉಗುರಿಗೆ ಸಿಗುತ್ತದೆ. ಮಳೆಗಾಲದಲ್ಲಿ ಎಂಡಿಎಫ್ ಹಾಸು ಉಬ್ಬಿ ಈ ಎಲ್ಲ ಸಾಹಸವನ್ನೂ ಮತ್ತೊಮ್ಮೆ ಮಾಡಿಸುತ್ತದೆ. ಎಂಡಿಎಫ್ ಧೂಳು ಎದೆಗೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಆ ಕೆಲಸಕ್ಕೆ ಕೂರಬೇಡಿ.

ವೇಗದ ಪಾಠ ಹೇಳಿದವರು ನಮ್ಮ ಮನೆಯ ಬಾಗಿಲು ಮಾಡಿದ ಮೇಸ್ತ್ರಿ. ತೇಗದ ತುಂಡು ಕಪ್ಪಾಗುತ್ತಿತ್ತು. ನಾನು ಇನ್ನಷ್ಟು ನಿಧಾನ ಮಾಡಿದೆ, ಇನ್ನಷ್ಟು ಕಪ್ಪಾಯಿತು. “ಸಾರ್, ಬಿಟ್ ಹೊಸದು. ನೀವೇ ಹೆದರ್ಕೊಂಡು ನಡೆಸ್ತಿದೀರ” ಎಂದರು. ನಿಧಾನವಾದಷ್ಟೂ ಬಿಟ್ಟು ಕಡಿಯದೆ ಉಜ್ಜುತ್ತದೆ, ಉಜ್ಜಿದರೆ ಸುಡುತ್ತದೆ. ನಿಮಿಷಕ್ಕೆ 18,000 ಸುತ್ತು, ಎರಡು ಹಲ್ಲು, ಹಲ್ಲಿಗೆ 0.05 ಮಿ.ಮೀ. ಮರ ಎಂದರೆ ನಿಮಿಷಕ್ಕೆ 1,800 ಮಿ.ಮೀ. ನಾನು ಓಡಿಸುತ್ತಿದ್ದದ್ದು 400. ಆಳ ಕಡಿಮೆ ಮಾಡಿ ವೇಗ ಏರಿಸಿದ ಮೇಲೆ ಕೀರಲು ದನಿ ಹೋಗಿ ಗುಂಯ್ ಎಂಬ ಒಂದೇ ಸ್ವರ ನಿಂತಿತು, ಪುಡಿಯ ಬದಲು ಸಿಬಿರು ಉದುರಿತು. ಮೋಟರು ಹೆಜ್ಜೆ ತಪ್ಪುತ್ತಿಲ್ಲವೆಂದು ತಿಳಿಯಲು ಮುಳ್ಳನ್ನು ಸೊನ್ನೆಗೆ ಕೂರಿಸಿ, ಬಂಡಿಯನ್ನು ಐವತ್ತು ಸಲ ಓಡಿಸಿ, ವಾಪಸು ತಂದು ನೋಡಿದೆ. ಸೊನ್ನೆಗೇ ಬಂತು.

ಜಯನಗರದ ಚಿಕ್ಕಮ್ಮ ಮನೆಗೆ ಹೆಸರಿನ ಹಲಗೆ ಕೇಳಿ ಆರು ತಿಂಗಳಾಗಿತ್ತು. ಅವರ ಮನೆಯ ಹೆಸರು ‘ವೈಕುಂಠ’. ನೋಡಿ, ಒಂದು ಸೊನ್ನೆ, ಅದರ ಪಕ್ಕದಲ್ಲೇ ಒಂದು ಠ! ಕಳೆದ ಭಾನುವಾರ ತೇಗದಲ್ಲಿ ಕೊರೆದು, ಪಾಲಿಶ್ ಹಚ್ಚಿ ಮೊದಲು ರಾಯರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಹೆಬ್ಬೆರಳಿನ ಉಗುರನ್ನು ಠದ ಒಳಗೋಡೆಯ ಸುತ್ತ ಒಂದು ಸಲ ಎಳೆದರು, ಸೊನ್ನೆಯ ಸುತ್ತ ಇನ್ನೊಂದು ಸಲ.

“ದುಂಡಗಿದೆ” ಎಂದರು. ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. “ಪಾಲಿಶ್ ಯಾರಪ್ಪಾ ಮಾಡಿದ್ದು?”

“ನಾನೇ ಸಾರ್.”

“ಅದನ್ನ ಉಜ್ಜಿ ತೆಗಿ. ಮೇಸ್ತ್ರಿ ಹತ್ರ ಕೊಡು.”