ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ಎಳೆಯ ಮಧುಮೇಹಿಗಳ ಮೂತ್ರಪಿಂಡ

ಎರಡನೇ ಬಗೆಯ ಮಧುಮೇಹ ಹದಿಹರೆಯದಲ್ಲೇ ಬಂದರೆ ಮೂತ್ರಪಿಂಡ ಬೇಗ ಕೆಡುತ್ತದೆ. ಅಮೆರಿಕದ ‘ಟುಡೇ’ ಅಧ್ಯಯನಕ್ಕೆ 10ರಿಂದ 17ರ ವಯಸ್ಸಿನಲ್ಲಿ ಸೇರಿದವರು ಸರಾಸರಿ 26 ವರ್ಷ ಮುಟ್ಟುವ ಹೊತ್ತಿಗೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ತೊಂದರೆ ತಗುಲಿತ್ತು ಎನ್ನುತ್ತದೆ 2021ರ ವರದಿ.

ಶಸ್ತ್ರಚಿಕಿತ್ಸೆಯಿಂದ ಇದನ್ನು ತಡೆಯಬಹುದೇ ಎಂಬುದಕ್ಕೆ ಮುಖ್ಯ ಪುರಾವೆ 2020ರಲ್ಲಿ ‘ಡಯಾಬಿಟಿಸ್ ಕೇರ್’ ಪತ್ರಿಕೆಯಲ್ಲಿ ಬಂದ ಬಿಯೋರ್ನ್‌ಸ್ಟಾಡ್ ಮತ್ತು ಸಂಗಡಿಗರ ಲೇಖನ. ‘ಟೀನ್-ಲ್ಯಾಬ್ಸ್’ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 30 ಮಧುಮೇಹಿ ಹದಿಹರೆಯದವರನ್ನು ಅದು ‘ಟುಡೇ’ಯಲ್ಲಿ ಔಷಧಿ ಪಡೆದ 63 ಮಂದಿಯೊಂದಿಗೆ ಹೋಲಿಸಿತು. ಐದು ವರ್ಷಗಳಲ್ಲಿ ಮೂತ್ರದಲ್ಲಿ ಅಲ್ಬುಮಿನ್ ಹೆಚ್ಚಿದ್ದವರ ಪ್ರಮಾಣ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 27ರಿಂದ 5ಕ್ಕೆ ಇಳಿಯಿತು. ಔಷಧಿ ಗುಂಪಿನಲ್ಲಿ ಶೇ. 21ರಿಂದ 43ಕ್ಕೆ ಏರಿತು. ಮೂತ್ರಪಿಂಡ ಅತಿಯಾಗಿ ಸೋಸುವ ಸ್ಥಿತಿ ಮೊದಲ ಗುಂಪಿನಲ್ಲಿ ಶೇ. 21ರಿಂದ 18ಕ್ಕೆ ಇಳಿದರೆ, ಎರಡನೆಯದರಲ್ಲಿ ಶೇ. 7ರಿಂದ 48ಕ್ಕೆ ಜಿಗಿಯಿತು.

ಇದಕ್ಕೆ ದೇಹಧರ್ಮದ ವಿವರಣೆಯೂ ಇದೆ. ಬೊಜ್ಜು ಮತ್ತು ಏರಿದ ಸಕ್ಕರೆ ಸೇರಿ ಮೂತ್ರಪಿಂಡದ ಸೋಸುವ ಗೊಂಚಲುಗಳಲ್ಲಿ ಒತ್ತಡ ಹೆಚ್ಚಿಸುತ್ತವೆ. ಆರಂಭದಲ್ಲಿ ಸೋಸುವಿಕೆ ಹೆಚ್ಚುತ್ತದೆ, ಆಮೇಲೆ ಅಲ್ಬುಮಿನ್ ಸೋರುತ್ತದೆ, ಕೊನೆಗೆ ಗೊಂಚಲು ಗಟ್ಟಿಯಾಗಿ ಕೆಲಸ ನಿಲ್ಲಿಸುತ್ತದೆ. ತೂಕ, ಸಕ್ಕರೆ, ರಕ್ತದೊತ್ತಡ ಮೂರೂ ಒಟ್ಟಿಗೆ ಇಳಿದರೆ ಈ ಸರಣಿ ಮೊದಲ ಹಂತದಲ್ಲೇ ತುಂಡಾಗುತ್ತದೆ.

ಆದರೂ ಅಧ್ಯಯನದ ಮಿತಿಗಳು ಸಣ್ಣವಲ್ಲ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಎರಡು ಬೇರೆ ಅಧ್ಯಯನಗಳನ್ನು ಆಮೇಲೆ ಅಕ್ಕಪಕ್ಕ ಇಡಲಾಯಿತು. ಶಸ್ತ್ರಚಿಕಿತ್ಸೆಯವರ ಸರಾಸರಿ ಬಿಎಂಐ 54, ಉಳಿದವರದು 40ರ ಆಸುಪಾಸು. ಇಂದು ಮೂತ್ರಪಿಂಡ ಕಾಯುವ ಎಸ್‌ಜಿಎಲ್‌ಟಿ-2, ಜಿಎಲ್‌ಪಿ-1 ಔಷಧಿಗಳು ಆಗಿನ ಗುಂಪಿಗೆ ಸಿಕ್ಕಿರಲಿಲ್ಲ. ಬ್ರೆಜಿಲ್‌ನಲ್ಲಿ ಬಿಎಂಐ 30ರಿಂದ 35ರ 100 ವಯಸ್ಕರ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗ ಇನ್ನೊಂದು ಎಚ್ಚರಿಕೆ. ಎರಡು ವರ್ಷಕ್ಕೆ ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 82, ಔಷಧಿ ಗುಂಪಿನ ಶೇ. 55ರಷ್ಟು ಮಂದಿಯಲ್ಲಿ ಅಲ್ಬುಮಿನ್ ಸೋರಿಕೆ ನಿಂತು ಶಸ್ತ್ರಚಿಕಿತ್ಸೆ ಮುಂದಿತ್ತು. ಐದು ವರ್ಷಕ್ಕೆ ಆ ಅಂತರ ಗಣನೀಯವಾಗಿ ಉಳಿಯಲಿಲ್ಲ. ಅಂದರೆ ಅತಿ ಬೊಜ್ಜಿನವರ ಫಲಿತಾಂಶವನ್ನು ಸಾಧಾರಣ ಬೊಜ್ಜಿನವರಿಗೆ ಹಾಗೆಯೇ ಹೊರಿಸಲಾಗದು.

ಕೋಲಾರ ಸೀಮೆಗೆ ಈ ಭೇದವೇ ಮುಖ್ಯ. ಭಾರತೀಯರಿಗೆ ಹೊಟ್ಟೆಯ ಬೊಜ್ಜಿನಿಂದಾಗಿ ಕಡಿಮೆ ತೂಕದಲ್ಲೇ ಮಧುಮೇಹ ಬರುತ್ತದೆ. ಅದಕ್ಕೇ ಏಷ್ಯಾದ ವಯಸ್ಕರಲ್ಲಿ ಬಿಎಂಐ 25 ದಾಟಿದರೆ ಬೊಜ್ಜು ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಗುರುತಿಸಿ, 27.5 ದಾಟಿದವರಿಗೆ ಶಸ್ತ್ರಚಿಕಿತ್ಸೆ ನೀಡಬಹುದು ಎನ್ನುತ್ತದೆ. ಆದರೆ ಬಿಎಂಐ 54ರ ಪುರಾವೆ ಹುತ್ತೂರು ಹೋಬಳಿಯ ಸಾಧಾರಣ ಮೈಕಟ್ಟಿನ ಯುವ ಮಧುಮೇಹಿಗೆ ನೇರವಾಗಿ ಸಲ್ಲದು.

ಶಸ್ತ್ರಚಿಕಿತ್ಸೆಯ ನಂತರದ ಬದುಕನ್ನೂ ತೂಗಬೇಕು. ‘ಟೀನ್-ಲ್ಯಾಬ್ಸ್’ನ ಮಧುಮೇಹಿಗಳಲ್ಲಿ ಶೇ. 23 ಮಂದಿಗೆ ಎರಡು ವರ್ಷದೊಳಗೆ ಮತ್ತೊಂದು ಶಸ್ತ್ರಕ್ರಿಯೆ ಬೇಕಾಯಿತು. ಕಬ್ಬಿಣ, ಬಿ-12, ಕ್ಯಾಲ್ಸಿಯಂ ಕೊರತೆ ಬಾರದಂತೆ ಮಾತ್ರೆಗಳನ್ನು ಜೀವನಪೂರ್ತಿ ಸೇವಿಸಬೇಕು. ಬೈಪಾಸ್ ಆದವರಲ್ಲಿ ಕರುಳು ಹೆಚ್ಚು ಆಕ್ಸಲೇಟ್ ಹೀರಿ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು. ಸೊಪ್ಪಿನ ಸಾರು, ಬಸ್ಸಾರು ನಿತ್ಯ ಉಣ್ಣುವ ಈ ಭಾಗದಲ್ಲಿ ಪಾಲಕ್, ದಂಟಿನಂಥ ಸೊಪ್ಪಿನ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕಲ್ಲು ತಡೆಯಲು ಧಾರಾಳ ನೀರು ಕುಡಿಯಬೇಕು. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಸೋಸುವ ಶಕ್ತಿ ಕುಂದಿದ ಮೂತ್ರಪಿಂಡ ಫ್ಲೋರೈಡನ್ನು ಪೂರ್ತಿ ಹೊರಹಾಕದು. ಆದ್ದರಿಂದ ಶುದ್ಧ ಕುಡಿಯುವ ನೀರೂ ಚಿಕಿತ್ಸೆಯ ಭಾಗವೇ.

ಒಟ್ಟಾರೆ, ತೀವ್ರ ಬೊಜ್ಜಿನ ಎಳೆಯರಲ್ಲಿ ಶಸ್ತ್ರಚಿಕಿತ್ಸೆ ಮೂತ್ರಪಿಂಡವನ್ನು ಉಳಿಸುವ ಭರವಸೆ ಬಲವಾದುದು. ಎಲ್ಲ ಯುವ ಮಧುಮೇಹಿಗಳಿಗೂ ಅದೇ ಮದ್ದು ಎಂಬ ವಾದಕ್ಕೆ ಪುರಾವೆ ಸಾಲದು. ಎಲ್ಲರಿಗೂ ಅನ್ವಯಿಸುವುದು ಇನ್ನೂ ಅಗ್ಗದ ಪಾಠ. ಎರಡನೇ ಬಗೆಯ ಮಧುಮೇಹ ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಿಸಬೇಕು. ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಂಥ ಸಂಸ್ಥೆಗಳಿರುವ ಜಿಲ್ಲೆಯಲ್ಲಿ ಈ ತಪಾಸಣೆ ಶಸ್ತ್ರಚಿಕಿತ್ಸೆಯ ಚರ್ಚೆಗಿಂತ ಮೊದಲು ನಡೆಯಬೇಕಾದದ್ದು.