ಜನತಾ ಬಜಾರನ್ನು ಕೊಂದವರು ಯಾರು?

ಊರಿನ ದೊಡ್ಡ ಅಂಗಡಿಗಳನ್ನು ಮಾಲ್‌ಗಳು ನುಂಗಿದವು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಹೇಳಲು ಸುಲಭ, ಕೇಳಲೂ ಹಿತ. ಆದರೆ ಇಸವಿಗಳ ಲೆಕ್ಕ ಈ ಮಾತಿಗೆ ಹೊಂದುವುದಿಲ್ಲ.

1962ರ ಚೀನಾ ಯುದ್ಧದ ಹೊತ್ತಿಗೆ ಬೆಲೆಯೇರಿಕೆ ಮತ್ತು ಕಾಳಸಂತೆಯ ಭೀತಿ ಎದುರಾದಾಗ ಕೇಂದ್ರ ಸರಕಾರವು ಗ್ರಾಹಕರ ಸಹಕಾರಿ ಮಳಿಗೆಗಳ ಯೋಜನೆಯನ್ನು ಕೈಗೆತ್ತಿಕೊಂಡಿತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯಗೊಂಡ ಬಳಿಕ ಅದಕ್ಕೆ ವೇಗ ಬಂತು. ಅದೇ ವರ್ಷ ದಿಲ್ಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ನಮ್ಮಲ್ಲಿ ಜನತಾ ಬಜಾರ್‌ಗಳು ಬಂದವು. ಅಕ್ಕಿ, ಸಾಬೂನು, ಬಟ್ಟೆ, ಪಾತ್ರೆ ಎಲ್ಲವೂ ಒಂದೇ ಸೂರಿನಡಿ, ನಿಗದಿತ ಬೆಲೆಗೆ.

ಈ 'ನಿಗದಿತ ಬೆಲೆ' ಸಣ್ಣ ಸಂಗತಿಯಲ್ಲ. ಚೌಕಾಸಿಯ ಅಂಗಡಿಯಲ್ಲಿ ಬೆಲೆ ನಿಂತಿರುವುದು ಗಿರಾಕಿಯ ಮುಖದ ಮೇಲೆ. ಬಲ್ಲವನಿಗೆ ಒಂದು ದರ, ಕೂಲಿಯವನಿಗೆ ಇನ್ನೊಂದು. ಚೀಟಿ ಅಂಟಿಸಿದ ಬೆಲೆ ಜಾತಿ, ಧರ್ಮ, ಅಂತಸ್ತು ಯಾವುದನ್ನೂ ಕೇಳುವುದಿಲ್ಲ. ಜನತಾ ಬಜಾರಿನ ನಿಜವಾದ ಸಾಧನೆ ಇದು.

ಹಾಗಿದ್ದರೂ ಅದೇಕೆ ಸೊರಗಿತು? ಸೂಪರ್ ಬಜಾರ್ 2002ರಲ್ಲಿ ಬಾಗಿಲು ಮುಚ್ಚಿತು. ಆಗ ಬಿಗ್ ಬಜಾರ್ ಆರಂಭವಾಗಿ ಒಂದೇ ವರ್ಷವಾಗಿತ್ತು. ರಿಲಯನ್ಸ್ ಫ್ರೆಶ್ ಬಂದದ್ದು 2006ರಲ್ಲಿ. ಅಂದರೆ ಮಾಲ್ ಬರುವ ಮೊದಲೇ ಸಹಕಾರಿ ಮಳಿಗೆ ಹಾಸಿಗೆ ಹಿಡಿದಿತ್ತು. ಅಭಾವದ ಕಾಲಕ್ಕೆಂದು ಹುಟ್ಟಿದ ಸಂಸ್ಥೆ, ಅಭಾವ ಕಳೆದ ಮೇಲೆ ತನ್ನ ಕೆಲಸವೇನೆಂದು ಕೇಳಿಕೊಳ್ಳಲೇ ಇಲ್ಲ. ಅತ್ತ ಸಹಕಾರವನ್ನು ನುಂಗಿದವೆನ್ನಲಾದ ದೈತ್ಯರಾದರೂ ಉಳಿದರೇ? ದೇಶದುದ್ದಕ್ಕೂ ಹಬ್ಬಿದ್ದ ಸುಭಿಕ್ಷಾ 2009ರ ವೇಳೆಗೆ ಕುಸಿಯಿತು. ಬಿಗ್ ಬಜಾರಿನ ಹಲವು ಮಳಿಗೆಗಳು 2022ರಲ್ಲಿ ರಿಲಯನ್ಸ್ ಪಾಲಾದವು.

ಇನ್ನು ಮಲೆನಾಡಿನತ್ತ ನೋಡೋಣ. ಅಡ್ಡಗದ್ದೆಯಂಥ ಊರಿನವರಿಗೆ ಪೇಟೆಯೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಇಲ್ಲಿ ಅಂಗಡಿಯ ಲೆಕ್ಕ ಅಡಿಕೆಯ ಕೊಯ್ಲಿಗೆ ಕಟ್ಟಿಕೊಂಡಿದೆ. ಮಳೆಗಾಲದಲ್ಲಿ ಉದ್ರಿ, ಅಡಿಕೆ ಮಾರಿದ ಮೇಲೆ ವಸೂಲಿ. ಹಳದಿ ಎಲೆ ರೋಗ ಬಂದ ತೋಟದವನ ಸಂಕಟ ಉದ್ರಿ ಪುಸ್ತಕಕ್ಕೆ ಗೊತ್ತು, ಕಂಪ್ಯೂಟರ್ ಬಿಲ್ಲಿಗೆ ಗೊತ್ತಿಲ್ಲ. ಆದರೆ ಈ ಉದ್ರಿಯನ್ನು ಹಾಡಿ ಹೊಗಳಬೇಕಾಗಿಲ್ಲ. ಬಾಕಿ ಉಳಿಸಿಕೊಂಡವನಿಗೆ ಬೆಲೆ ಕೇಳುವ ಬಾಯಿ ಇರುವುದಿಲ್ಲ. ಬೇರೆ ಅಂಗಡಿಯ ಮೆಟ್ಟಿಲು ಹತ್ತುವ ಧೈರ್ಯವೂ ಇರುವುದಿಲ್ಲ.

ಇದೇ ಸೀಮೆಯಲ್ಲಿ ಇನ್ನೊಂದು ಪಾಠವೂ ಇದೆ. 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್ ಇಂದಿಗೂ ಬದುಕಿದೆ. ಕೊಪ್ಪ, ಶೃಂಗೇರಿಯ ಬೆಳೆಗಾರರೂ ಅದರಲ್ಲಿದ್ದಾರೆ. ಮಾರುವ ಸಹಕಾರ ಉಳಿದು ಕೊಳ್ಳುವ ಸಹಕಾರ ಅಳಿದದ್ದೇಕೆ? ಉತ್ತರ ಸರಳ. ಮಂಡಿಯಲ್ಲಿರುವುದು ಸದಸ್ಯನ ಸ್ವಂತ ಅಡಿಕೆ. ದರ ತಪ್ಪಿದರೆ ಆತ ಕೇಳುತ್ತಾನೆ. ಜನತಾ ಬಜಾರಿನಲ್ಲಾದರೋ ನಾವು ಬರೀ ಗಿರಾಕಿಗಳಾಗಿದ್ದೆವು. ಅಗ್ಗವಾದಾಗ ಹೋದೆವು, ಬೇರೆಡೆ ಅಗ್ಗವಾದಾಗ ಬಿಟ್ಟೆವು. ಅದು ಸರಕಾರದ್ದೆಂದು ನಾವು ತಿಳಿದೆವು, ಸರಕಾರವೂ ಹಾಗೆಯೇ ತಿಳಿಯಿತು.

ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಜನತಾ ಬಜಾರ್ ಎಂದೇ ಹೆಸರಾದ ಏಷಿಯಾಟಿಕ್ ಕಟ್ಟಡವನ್ನು ಕೆಡವುವ ಪ್ರಸ್ತಾಪ 2019ರಲ್ಲಿ ಬಂದಾಗ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕಟ್ಟಡ ಉಳಿಯಬೇಕೆಂಬ ಕಾಳಜಿ ಸರಿಯೇ. ಆದರೆ ಅದರ ಹೆಸರಿನಲ್ಲಿದ್ದ 'ಜನತಾ'ಕ್ಕೆ ಯಾವ ನ್ಯಾಯಾಲಯ ತಡೆಯಾಜ್ಞೆ ಕೊಟ್ಟೀತು? ಈಗ ಸಾಮಾನು ಫೋನಿನಲ್ಲೇ ಮನೆಗೆ ಬರುತ್ತಿದೆ. ಅಲ್ಲಿ ಒಂದೇ ವಸ್ತುವಿನ ಬೆಲೆ ಗಂಟೆಗೊಮ್ಮೆ ಬದಲಾಗಬಹುದು. ಚೀಟಿ ಅಂಟಿಸಿದ ಬೆಲೆಯ ಬೆಲೆ ಏನೆಂದು ಆಗಲಾದರೂ ನಮಗೆ ತಿಳಿದೀತು.