ಕಾಯ್ದೆಯ ವಾಕ್ಯದಲ್ಲಿ ಅವಳೆಲ್ಲಿ?

ಕತೆ ಕವಿತೆಗಳನ್ನಷ್ಟೇ ವಿಮರ್ಶಿಸುತ್ತ ಕೂತರೆ ಸಾಲದು. ನಮ್ಮ ಹೆಂಗಸರ ಮೈಮೇಲೆ ಬರೆದ ಕಾಯ್ದೆಗಳನ್ನೂ ನಾವು ಓದಬೇಕು. ಪ್ರಗತಿಪರ ಎಂದು ಐವತ್ತು ವರ್ಷಗಳಿಂದ ಹೊಗಳಿಸಿಕೊಂಡು ಬಂದಿರುವ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನೇ ತಗೊಳ್ಳೋಣ.

ಅದರ 3ನೇ ಕಲಮಿನಲ್ಲಿ ಕರ್ತೃ ಯಾರು? ಡಾಕ್ಟರು. ನಿಯಮದಂತೆ ಗರ್ಭ ತೆಗೆದ ಡಾಕ್ಟರು ಅಪರಾಧಿಯಲ್ಲ ಅನ್ನುತ್ತದೆ ಕಾಯ್ದೆ. 'ನಂಗೆ ಬ್ಯಾಡ' ಅಂತ ಅವಳು ಹೇಳಿದರೆ ಸಾಲದು, ತೆಗೆಯಬಹುದೆಂದು ಡಾಕ್ಟರಿಗೆ ಅನ್ನಿಸಬೇಕು. ಹೆಣ್ಣು ಕರ್ತೃವಾಗುವುದು ಬೇರೆ ಪುಸ್ತಕದಲ್ಲಿ: ಹಿಂದೆ ದಂಡ ಸಂಹಿತೆಯ 312ನೇ ಕಲಮು, 2024ರ ಜುಲೈಯಿಂದ ನ್ಯಾಯ ಸಂಹಿತೆಯ 88ನೇ ಕಲಮು. ತನ್ನ ಬಸಿರನ್ನು ತಾನೇ ಇಳಿಸಿಕೊಂಡವಳು ಅಲ್ಲಿ ಅಪರಾಧಿ. ಒಂದು ಪುಸ್ತಕದಲ್ಲಿ ರೋಗಿ, ಇನ್ನೊಂದರಲ್ಲಿ ಕಳ್ಳಿ.

ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು. ಅದರಲ್ಲಿ ಶೇಕಡ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಆಸ್ಪತ್ರೆಯೊಳಗೆ ಆದದ್ದು ಶೇಕಡ 22 ಮಾತ್ರ. 'ಅಜ್ಞಾನ' ಅಂತಾರೆ ಪಟ್ಟಣದ ತಿಳಿದವರು. ಅಲ್ಲ ಸ್ವಾಮಿ, ಆಸ್ಪತ್ರೆ ಎಂಥದೆಂದು ಅವಳಿಗೆ ಚೆನ್ನಾಗಿ ಗೊತ್ತು.

ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಸಾಲಿನಲ್ಲಿ ನಿಂತವಳನ್ನು ಕೇಳುತ್ತಾರೆ: 'ಗಂಡ ಎಲ್ಲಮ್ಮ? ಸೈನ್ ಹಾಕ್ಬೇಕು.' ವಯಸ್ಸಿಗೆ ಬಂದವಳ ಒಪ್ಪಿಗೆಯೊಂದೇ ಸಾಕು ಎಂದು ಕಾಯ್ದೆಯೇ ಹೇಳಿದೆ. ಆ ಮೇಜಿಗೆ ಅದು ಬೇಕಿಲ್ಲ. 'ಮದ್ವೆ ಆಗಿದ್ಯಾ?' ಗರ್ಭನಿರೋಧಕ ಕೈಕೊಟ್ಟರೆ ಎನ್ನುವ ಕಡೆ ಮೂಲ ಕಾಯ್ದೆಯಲ್ಲಿ 'ವಿವಾಹಿತ ಹೆಂಗಸು' ಎಂದೇ ಇತ್ತು. 2021ರಲ್ಲಿ ಆ ಪದ ಹೋಯಿತು. ಮದುವೆಯಾಗದವಳಿಗೂ ಅದೇ ಹಕ್ಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೇಜಿನ ಮೇಲಿನ ಪ್ರಶ್ನೆ ಹೋಗಲಿಲ್ಲ. 'ಮೂರಾದ್ವಲ್ಲ, ಆಪರೇಷನ್ ಮಾಡಿಸ್ಕೊಂಡ್ರೆ ತೆಗಿತೀವಿ.' ಅಷ್ಟರಲ್ಲಿ ಬೆಂಚಿನ ಮೇಲಿದ್ದವರಿಗೆಲ್ಲ ಅವಳ ಊರು, ಕೇರಿ, ಬಸಿರು ಮೂರೂ ಗೊತ್ತಾಗಿರುತ್ತವೆ.

ಮೆಡಿಕಲ್ ಶಾಪಿನವನು ದುಡ್ಡು ಎಣಿಸಿಕೊಂಡು ಮಾತ್ರೆಯನ್ನು ಕಾಗದದಲ್ಲಿ ಸುತ್ತಿಕೊಡುತ್ತಾನೆ. ಯಾರಿಗೂ ಉತ್ತರ ಕೊಡದೆ ಮನೆಗೆ ಹೋಗುವುದನ್ನೂ ಅವಳು ಆ ದುಡ್ಡಿನಲ್ಲೇ ಕೊಂಡಿರುತ್ತಾಳೆ.

ಹಾಗಂತ ಅಂಗಡಿಯನ್ನೇ ವಿಮೋಚನೆ ಅನ್ನಲಾರೆವು. 12 ವಾರದೊಳಗೆ, ಸರಿಯಾದ ತಿಳುವಳಿಕೆ, ಒಳ್ಳೆಯ ಔಷಧಿ, ಬೇಕೆಂದಾಗ ಆಸ್ಪತ್ರೆಯ ನೆರವು ಇದ್ದರೆ ಹೆಣ್ಣು ಮನೆಯಲ್ಲೇ ಇದನ್ನು ಮಾಡಿಕೊಳ್ಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ಅಕ್ಕತಂಗಿಯರಿಗೆ ಸಿಗುವುದು ಮಾತ್ರೆಯೊಂದೇ. ಎಷ್ಟು ವಾರವಾಗಿದೆ, ಎಷ್ಟು ರಕ್ತ ಹೋದರೆ ಅಪಾಯ, ಯಾವಾಗ ಆಸ್ಪತ್ರೆಗೆ ಓಡಬೇಕು ಎಂದು ಹೇಳುವವರಿಲ್ಲ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಜೀವಕ್ಕೇ ಸಂಚಕಾರ. ರಕ್ತ ನಿಲ್ಲದಿದ್ದಾಗಲೂ ಪೊಲೀಸರಿಗೆ ಹೆದರಿ ಮನೆಯಲ್ಲೇ ಮಲಗಿದವಳಿಗೆ ಯಾರು ಹೊಣೆ?

ಗೆಳೆಯರೇ, ನಮ್ಮನ್ನೂ ಬಿಡುವುದು ಬೇಡ. ನಮ್ಮ ಕತೆಗಳಲ್ಲಿ ಬೇಡದ ಬಸಿರು ಅಂದರೆ ಗೌಡನ ದೌರ್ಜನ್ಯ. ತನ್ನ ಗಂಡನಿಂದಲೇ ಆದ ನಾಲ್ಕನೆಯದು ಬೇಡ ಅನ್ನುವ ನಮ್ಮ ಗುಡಿಸಲಿನ ಹೆಣ್ಣಿಗೆ ನಾವು ಒಂದು ಸಾಲನ್ನಾದರೂ ಕೊಟ್ಟಿದ್ದೇವೆಯೇ? 'ಗಂಡನ್ನ ಕೇಳ್ದಾ?' ಅಂತ ನಾವೂ ಕೇಳುತ್ತೇವೆ. ಹೋರಾಟದ ಹಾಡು ಕಟ್ಟುವವರ ಬಾಯಲ್ಲೂ ಆಸ್ಪತ್ರೆಯ ಅದೇ ಮೇಜು ಮಾತಾಡುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ, ತಿಳುವಳಿಕೆ, ಮರ್ಯಾದೆ ಮೂರೂ ಸಿಗಬೇಕು. ಅವಳನ್ನು ದಂಡದ ಕಲಮಿನಿಂದ ಕೈಬಿಡಬೇಕು. ಇದನ್ನು ಕೇಳುವ ಮೊದಲು, ನಮ್ಮ ಮನೆಯಲ್ಲಿ 'ಬ್ಯಾಡ' ಅಂದವಳ ಮಾತನ್ನು ಎರಡನೇ ಪ್ರಶ್ನೆಯಿಲ್ಲದೆ ಕೇಳಿಸಿಕೊಳ್ಳೋಣ.